ಒತ್ತಕ್ಷರ ಕತ್ತರಿಸುವ ಫೋನಿಗೆ ಐದಕ್ಕೆ ನಾಲ್ಕೂವರೆ ಸ್ಟಾರು

ಕಳೆದ ದೀಪಾವಳಿಯ ರಿಯಾಯಿತಿಯಲ್ಲಿ ಅಮ್ಮನಿಗೊಂದು ಫೋನು ಕೊಡಿಸಿದೆ. ಬೆಲೆ 22 ಸಾವಿರದ ಆಸುಪಾಸು. ಕೊಳ್ಳುವ ಮುಂಚೆ ಹತ್ತಾರು ವಿಮರ್ಶೆ ಓದಿದ್ದೆ, ಯೂಟ್ಯೂಬಿನಲ್ಲಿ ಅಷ್ಟೇ ವಿಡಿಯೋ ನೋಡಿದ್ದೆ. ಅದರಲ್ಲಿ ಅರ್ಧದಷ್ಟು ಕನ್ನಡದವೇ. ಎಲ್ಲರದೂ ಒಂದೇ ಮಾತು: ಡಿಸೈನ್ ಪ್ರೀಮಿಯಂ, ಡಿಸ್‌ಪ್ಲೇ ಅದ್ಭುತ, ಸಾಫ್ಟ್‌ವೇರ್ ಪರವಾಗಿಲ್ಲ. ಐದಕ್ಕೆ ನಾಲ್ಕು, ನಾಲ್ಕೂವರೆ ಸ್ಟಾರು.

ಅಮ್ಮ 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಪೆಟ್ಟಿಗೆ ಬಿಚ್ಚಿದ ಕೂಡಲೇ ಕೇಳಿದ್ದು ಒಂದೇ: "ಕನ್ನಡ ಮಾಡಿಕೊಡಪ್ಪ, ಜೊತೆಗೆ ಅಕ್ಷರ ಸ್ವಲ್ಪ ದಪ್ಪ ಮಾಡು." ಮಾಡಿಕೊಟ್ಟೆ. ಕನ್ನಡಕ ಏರಿಸಿಕೊಂಡು ಒಂದೈದು ನಿಮಿಷ ನೋಡಿದರು. "ಇದೇನೋ, ಒತ್ತಕ್ಷರನೆಲ್ಲ ಯಾರೋ ಬ್ಲೇಡಲ್ಲಿ ಕುಯ್ದಂಗಿದೆ. ಮೂರನೇ ಕ್ಲಾಸಿನ ಹುಡುಗ ಹಿಂಗೆ ಬರೆದಿದ್ರೆ ಹತ್ತು ಸಲ ತಿದ್ದಿ ಬರೆಸ್ತಿದ್ದೆ" ಅಂದರು.

ನೋಡಿದರೆ ಹೌದು. ಬಟನ್ನುಗಳ ಮೇಲಿನ ಪದಗಳಲ್ಲಿ 'ಷ್ಟ್ರ', 'ಸ್ಥ', 'ತ್ತ' ಬಂದಲ್ಲೆಲ್ಲ ಕೆಳಗಿನ ಒತ್ತು ಅರ್ಧಕ್ಕೇ ಮಾಯ. ಉದ್ದದ ಪದಗಳು ಮಧ್ಯದಲ್ಲೇ ಮೂರು ಚುಕ್ಕಿಯಾಗಿ ನಿಂತಿವೆ. ಆಮೇಲೆ ನಾನು ಮತ್ತೆ ಕೂತು ಆ ಹತ್ತಾರು ವಿಮರ್ಶೆಗಳನ್ನೂ ಹುಡುಕಿ ನೋಡಿದೆ. ಒಂದರಲ್ಲೂ, ಕನ್ನಡದಲ್ಲಿ ಮಾತಾಡುತ್ತಾ ಮಾಡಿದ ವಿಡಿಯೋಗಳಲ್ಲಿ ಕೂಡ, ಯಾರೊಬ್ಬರೂ ಫೋನನ್ನು ಕನ್ನಡಕ್ಕೆ ಬದಲಿಸಿ ನೋಡಿರಲಿಲ್ಲ. ಬಾಯಲ್ಲಿ ಕನ್ನಡ, ಪರದೆಯ ಮೇಲೆ ಇಂಗ್ಲಿಷು.

ನನ್ನ ತಕರಾರು ಇಲ್ಲಿಂದಲೇ ಶುರು. ನಮ್ಮಲ್ಲಿ ಫೋನಿನ ವಿಮರ್ಶೆ ಅಂತ ನಡೆಯುತ್ತಿರುವುದು ವಿಮರ್ಶೆಯಲ್ಲ. ಅದು ಕಂಪನಿ ಕಳಿಸಿದ ಪಟ್ಟಿಯ ಗಟ್ಟಿ ಓದು. ಪುಸ್ತಕ ವಿಮರ್ಶೆ ಅಂತ ಹೇಳಿ ಪುಟ ಎಷ್ಟು, ಬೈಂಡಿಂಗ್ ಹೇಗಿದೆ, ಕಾಗದ ಎಷ್ಟು ಜಿಎಸ್ಎಂ ಎಂದು ಬರೆದು ಮುಗಿಸಿದರೆ ಈ ಪತ್ರಿಕೆಯ ಓದುಗರು ಸುಮ್ಮನಿರುತ್ತೀರಾ? ಫೋನಿನ ವಿಷಯದಲ್ಲಿ ಮಾತ್ರ ಸುಮ್ಮನಿದ್ದೇವೆ. ಹೆಚ್ಚಿನಂಶ ನೀವು ಇದನ್ನು ಓದುತ್ತಿರುವುದೂ ಅಂಥದ್ದೇ ಫೋನಿನಲ್ಲಿ.

ಡಿಸ್‌ಪ್ಲೇಯಿಂದಲೇ ಹಿಡಿಯೋಣ. ಇಪ್ಪತ್ತು ಸಾವಿರದ ಆಸುಪಾಸಿನ ಫೋನುಗಳಲ್ಲಿ ಈಗ ಅಮೋಲೆಡ್ ಪರದೆ, 120 ಹರ್ಟ್ಸ್ ವೇಗ, 1080ರ ರೆಸಲ್ಯೂಷನ್ ಮಾಮೂಲು. ಪರದೆಗಳು ನಿಜಕ್ಕೂ ಚೆನ್ನಾಗಿವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗುವ 'ಪೀಕ್ ಬ್ರೈಟ್‌ನೆಸ್' ನೋಡಿ. ಸಾವಿರಾರು ನಿಟ್ಸ್ ಎಂಬ ಆ ಸಂಖ್ಯೆ ಸಾಮಾನ್ಯವಾಗಿ ಪರದೆಯ ಒಂದು ಸಣ್ಣ ಮೂಲೆ ಮಾತ್ರ ಬೆಳಗಿದಾಗ ಸಿಗುವ ಅಳತೆ. ಮಧ್ಯಾಹ್ನದ ಬಿಸಿಲಲ್ಲಿ ಬಸ್‌ ಸ್ಟ್ಯಾಂಡಿನಲ್ಲಿ ನಿಂತು ಬಿಳಿ ಪುಟದ ಮೇಲೆ ಕಪ್ಪಕ್ಷರ ಓದುವವನಿಗೆ ಬೇಕಾದದ್ದು ಇಡೀ ಪರದೆಯ ಬೆಳಕು. ಅದು ಆ ಸಂಖ್ಯೆಗಿಂತ ಎಷ್ಟೋ ಕಡಿಮೆ. ಇನ್ನು ರಾತ್ರಿ ಹೊತ್ತು ಬೆಳಕು ತಗ್ಗಿಸಿದಾಗ ಬಹಳಷ್ಟು ಅಮೋಲೆಡ್ ಪರದೆಗಳು ಕಣ್ಣಿಗೆ ಕಾಣದಷ್ಟು ವೇಗವಾಗಿ ಮಿಣಕುತ್ತಲೇ ಮಂದವಾಗುತ್ತವೆ. ಕೆಲವರಿಗೆ ಅದರಿಂದ ಕಣ್ಣು ಸೋಲುತ್ತದೆ, ತಲೆ ನೋಯುತ್ತದೆ. ಮಲಗುವ ಮುಂಚೆ ಒಂದು ಗಂಟೆ ಓದುವ ಅಮ್ಮನಂಥವರಿಗೆ ಮುಖ್ಯವಾದ ಸಂಗತಿ ಇದು. ಎಷ್ಟು ವಿಮರ್ಶೆಗಳಲ್ಲಿ ಕಂಡಿದ್ದೀರಿ?

ಆ ಕತ್ತರಿಸಿದ ಒತ್ತಕ್ಷರಕ್ಕೂ ಪರದೆಯ ಗುಣಮಟ್ಟಕ್ಕೂ ಸಂಬಂಧವಿಲ್ಲ. ಇಂಗ್ಲಿಷಿನ ಅಕ್ಷರ ಗೆರೆಯ ಮೇಲೆ ಕೂರುತ್ತದೆ. ಕೆಳಗಿಳಿಯುವುದು ಜಿ, ವೈ ಥರದ ನಾಲ್ಕೈದು ಅಕ್ಷರ, ಅವೂ ಸ್ವಲ್ಪ. ಕನ್ನಡ ಹಾಗಲ್ಲ. ಅದರ ಅರ್ಧ ಸಂಸಾರ ಗೆರೆಯ ಕೆಳಗಿದೆ. ಒಂದು ಒತ್ತು, ಅದರ ಕೆಳಗೋ ಪಕ್ಕಕ್ಕೋ ಇನ್ನೊಂದು. ಇಂಗ್ಲಿಷಿನ ಅಳತೆಗೆ ಬಟನ್ನಿನ ಎತ್ತರ ನಿಗದಿ ಮಾಡಿ, ಅದರೊಳಗೆ ಕನ್ನಡ ತುರುಕಿದರೆ ಕತ್ತರಿಯಾಗುವುದು ಒತ್ತಕ್ಷರವೇ. ಅಕ್ಷರ ದಪ್ಪ ಮಾಡಿದಷ್ಟೂ, ಅಂದರೆ ಕಣ್ಣು ಮಂಜಾದವರಿಗೆ ಅನುಕೂಲ ಮಾಡಲು ಹೋದಷ್ಟೂ, ಕತ್ತರಿ ಮೇಲೆ ಮೇಲೆ ಬರುತ್ತದೆ. ಇದನ್ನು ಸರಿಪಡಿಸಲು ಹೊಸ ಚಿಪ್ ಬೇಡ, ಹೊಸ ಗಾಜು ಬೇಡ. ಕನ್ನಡ ಓದಬಲ್ಲ ಒಬ್ಬರು ಬಿಡುಗಡೆಗೆ ಮುಂಚೆ ಒಂದು ದಿನ ಕೂತು ನೋಡಿದ್ದರೆ ಸಾಕಿತ್ತು.

ನೋಡಿಲ್ಲ ಯಾಕೆ? ಕೇಳುವವರಿಲ್ಲ, ಅದಕ್ಕೆ.

ಯುನಿಕೋಡಿಗೆ ಕನ್ನಡ ಸೇರಿದ್ದು 1991ರಲ್ಲಿ. ಮೊದಲ ಆಂಡ್ರಾಯ್ಡ್ ಫೋನುಗಳು ಬಂದಾಗ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದದ್ದು ನಮ್ಮಲ್ಲಿ ಹಲವರಿಗೆ ನೆನಪಿದೆ. 2014ರ ಆಂಡ್ರಾಯ್ಡ್ 5 ಆವೃತ್ತಿಯಲ್ಲಿ ಇಡೀ ಫೋನನ್ನೇ ಕನ್ನಡಕ್ಕೆ ಬದಲಿಸುವ ಅವಕಾಶ ಬಂತು. 2016ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ ಮಾರುವ ಫೋನುಗಳಲ್ಲಿ 22 ಭಾಷೆಗಳ ಸಂದೇಶವನ್ನೂ ಓದಲು ಬರಬೇಕು ಎಂದು ಆದೇಶ ಹೊರಡಿಸಿತು. ಕಾಗದದ ಮೇಲೆ ಎಲ್ಲವೂ ಸರಿ. ಅಕ್ಷರ ಮೂಡುತ್ತದೆಯೇ ಎಂದು ಕಾನೂನು ಕೇಳುತ್ತದೆ. ಪೂರ್ತಿ ಮೂಡುತ್ತದೆಯೇ ಎಂದು ಕೇಳಬೇಕಾದವನು ವಿಮರ್ಶಕ.

ಹಾಗೆ ಕೇಳಿದವರು ಇರಲೇ ಇಲ್ಲ ಎಂದರೆ ಅನ್ಯಾಯವಾದೀತು. 'ಪ್ರಜಾವಾಣಿ'ಯ 'ಗ್ಯಾಜೆಟ್ ಲೋಕ' ಅಂಕಣದಲ್ಲಿ ಯು.ಬಿ. ಪವನಜ ಅವರು ಫೋನುಗಳ ಬಗ್ಗೆ ಬರೆಯುವಾಗ ಕನ್ನಡ ಸರಿಯಾಗಿ ಮೂಡುತ್ತದೆಯೇ ಎಂಬುದನ್ನೂ ಹೇಳುತ್ತಿದ್ದರು. ಕ್ಯಾಮೆರಾ, ಬ್ಯಾಟರಿಯ ಸಾಲಿನಲ್ಲಿ ಕನ್ನಡಕ್ಕೂ ಒಂದು ಸಾಲು. ಆ ಒಂದು ಸಾಲು ಇವತ್ತಿನ ವಿಡಿಯೋ ವಿಮರ್ಶಕರ ಕೈಗೆ ಬರುವ ಹೊತ್ತಿಗೆ ಎಲ್ಲೋ ಬಿದ್ದುಹೋಯಿತು.

ಇನ್ನು ಡಿಸೈನ್. ಹಿಂಭಾಗ ಗಾಜಾದರೆ 'ಪ್ರೀಮಿಯಂ', ಪ್ಲಾಸ್ಟಿಕ್ಕಾದರೆ 'ಬೆಲೆ ಉಳಿಸಿದ್ದಾರೆ'. ಇದು ಈ ವಿಮರ್ಶೆಗಳ ಸೌಂದರ್ಯ ಮೀಮಾಂಸೆ. 2023ರಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ54ಕ್ಕೆ ಹಿಂದೆ ಗಾಜು, ತೂಕ 202 ಗ್ರಾಂ. 2024ರ ನಥಿಂಗ್ ಫೋನ್ 2ಎಗೆ ಪ್ಲಾಸ್ಟಿಕ್, ಪರದೆ ಇನ್ನೂ ದೊಡ್ಡದಿದ್ದರೂ ತೂಕ 190 ಗ್ರಾಂ. ಕೈಗೆ ಯಾವುದು ಹಿತ, ಬಿದ್ದರೆ ಯಾವುದು ಉಳಿದೀತು ಎಂದು ಯೋಚಿಸಿದರೆ ಪ್ಲಾಸ್ಟಿಕ್ಕಿಗೆ ನಾಚಿಕೊಳ್ಳುವ ಕಾರಣ ನನಗಂತೂ ಕಾಣದು. ಅಷ್ಟಕ್ಕೂ ಆ ಗಾಜನ್ನು ನೋಡುವವರು ಯಾರು? ಅಂಗಡಿಯಿಂದ ಆಚೆ ಬರುವ ಮುಂಚೆಯೇ ಹುಡುಗ "ಅಮ್ಮಾ, ಒಂದು ಪೌಚ್ ಹಾಕ್ಬಿಡ್ಲಾ?" ಎಂದು ನೂರೈವತ್ತು ರೂಪಾಯಿಯ ರಬ್ಬರ್ ಕವಚ ತೊಡಿಸಿರುತ್ತಾನೆ. ಗಾಜಿಗೆ ದುಡ್ಡು ಕೊಟ್ಟು, ಅದನ್ನು ಮುಚ್ಚಲು ಮತ್ತೆ ದುಡ್ಡು. ಹಿಂದೆ ಮೂರು ಕ್ಯಾಮೆರಾ ಇವೆಯಲ್ಲ, ಅದರಲ್ಲಿ ಮೂರನೆಯದು ಎಷ್ಟೋ ಫೋನುಗಳಲ್ಲಿ 2 ಮೆಗಾಪಿಕ್ಸೆಲ್ಲಿನ ಮ್ಯಾಕ್ರೋ. ಅದು ಇರುವುದು ಫೋಟೋ ತೆಗೆಯಲಿಕ್ಕಲ್ಲ, ಎಣಿಕೆಗೆ.

ಸಾಫ್ಟ್‌ವೇರಿಗೆ ಬರೋಣ. 'ಪರವಾಗಿಲ್ಲ' ಎಂಬ ಒಂದು ಪದದಲ್ಲಿ ಇಲ್ಲಿ ಎಷ್ಟೆಲ್ಲ ಮುಚ್ಚಿಹೋಗಿದೆ! ಅಮ್ಮನ ಫೋನಿನ ಲಾಕ್‌ ಸ್ಕ್ರೀನಿನಲ್ಲಿ ದಿನಕ್ಕೊಂದು ಚಿತ್ರ ಬರುತ್ತಿತ್ತು. ಹೂವು, ಬೆಟ್ಟ, ನವಿಲು. ಚೆಂದವಿದೆ ಎಂದು ಅವರು ಬೆರಳಿಟ್ಟರೆ ಅದು ಜಾಹೀರಾತು. ಹದಿನೈದು ದಿನದಲ್ಲಿ ಅವರು ಕೇಳದ ನಾಲ್ಕು ಆ್ಯಪುಗಳು ಫೋನಿನಲ್ಲಿ ಕೂತಿದ್ದವು, ಒಂದು ಸಾಲ ಕೊಡುವುದು. ಬ್ಯಾಂಕಿನ ಪಿಂಚಣಿ ಸಂದೇಶ ಯಾವುದು, ಸಾಲದ ಆ್ಯಪಿನ ಸಂದೇಶ ಯಾವುದು ಎಂದು ತಿಳಿಯದೆ ಅವರು ಎರಡನ್ನೂ ತೆರೆಯುವುದು ಬಿಟ್ಟಿದ್ದರು. ಒಂದು ಭಾನುವಾರ ಪೂರ್ತಿ ಕೂತು ಬೇರೆ ಬೇರೆ ಮೆನುಗಳಲ್ಲಿ ಅಡಗಿದ್ದ ಏಳು ಸ್ವಿಚ್ಚುಗಳನ್ನು ಹುಡುಕಿ ಆಫ್ ಮಾಡಿದೆ. ಮುಂದಿನ ಅಪ್‌ಡೇಟ್ ಬಂದಾಗ ಎರಡು ತಾವಾಗಿ ಆನ್ ಆದವು.

"ಈ ಬೆಲೆಗೆ ಇಷ್ಟು ಕೊಡುತ್ತಿದ್ದಾರಲ್ಲ, ಜಾಹೀರಾತು ಇಲ್ಲದಿದ್ದರೆ ಅವರಿಗೆ ಗಿಟ್ಟುವುದು ಹೇಗೆ?" ಎಂದು ಗೆಳೆಯನೊಬ್ಬ ವಾದಿಸಿದ. ಒಪ್ಪುವಂಥ ಮಾತೇ, ಒಂದು ಷರತ್ತಿನ ಮೇಲೆ: ಅದನ್ನು ಪೆಟ್ಟಿಗೆಯ ಮೇಲೆ ಬರೆಯಲಿ. ಅಮೆಜಾನ್ ಅಮೆರಿಕದಲ್ಲಿ ಕಿಂಡಲ್ ಓದುಗವನ್ನು ಜಾಹೀರಾತು ಸಹಿತ ಒಂದು ಬೆಲೆಗೆ, ರಹಿತ ಇನ್ನೊಂದು ಬೆಲೆಗೆ ಮಾರಿದೆ. ಬೇಕಾದವರು ಬೇಕಾದ್ದನ್ನು ಕೊಂಡರು. ಇಲ್ಲಿ ನಿಟ್ಸು, ಹರ್ಟ್ಸು, ಮೆಗಾಪಿಕ್ಸೆಲ್ಲು ಎಲ್ಲ ಪೆಟ್ಟಿಗೆಯ ಮೇಲಿವೆ. ನಿಮ್ಮ ಗಮನವನ್ನು ದಿನಕ್ಕೆ ಇಷ್ಟು ಸಲ ಮಾರುತ್ತೇವೆ ಎಂಬುದೊಂದೇ ಇಲ್ಲ.

ಫೋನಿನ ಆಯಸ್ಸಿನ ಮಾತೂ ಹೀಗೆಯೇ. ನಥಿಂಗ್ 2ಎಗೆ 3 ವರ್ಷದ ಆಂಡ್ರಾಯ್ಡ್ ಅಪ್‌ಡೇಟು, 4 ವರ್ಷದ ಭದ್ರತಾ ಅಪ್‌ಡೇಟು ಎಂದು ಕಂಪನಿ ಹೇಳಿತು. ಆ ಬೆಲೆಯ ಫೋನಿಗೆ ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎಂದು ನಂಬಿದ್ದೆವು. ಅದೇ ವರ್ಷದ ಅಕ್ಟೋಬರಿನಲ್ಲಿ ಸ್ಯಾಮ್‌ಸಂಗ್ 18,999 ರೂಪಾಯಿಯ ಎ16 5ಜಿ ಫೋನಿಗೆ 6 ವರ್ಷ ಕೊಡುತ್ತೇವೆ ಎಂದಿತು. ಅಂದರೆ ಅಡ್ಡಿ ಇದ್ದದ್ದು ಬೆಲೆಯಲ್ಲಲ್ಲ, ಮನಸ್ಸಿನಲ್ಲಿ. ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ನಿಯಮವೇ ಬಂದಿದೆ: ಮಾದರಿಯೊಂದರ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಸಿಗಬೇಕು, ಬ್ಯಾಟರಿ 800 ಸಲ ಚಾರ್ಜ್ ಆದ ಮೇಲೂ ಶೇ 80ರಷ್ಟು ಉಳಿದಿರಬೇಕು, ರಿಪೇರಿ ಎಷ್ಟು ಸುಲಭ ಎಂಬ ದರ್ಜೆ ಪೆಟ್ಟಿಗೆಯ ಜೊತೆಗಿನ ಲೇಬಲ್ಲಿನಲ್ಲಿ ಕಾಣಬೇಕು. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿ ಹಕ್ಕಿನ ಪೋರ್ಟಲ್ ತೆರೆಯಿತು. ತಿಪಟೂರಿನ ಅಂಗಡಿಯಲ್ಲಿ ಫೋನು ಕೊಳ್ಳುವವರ ಕಣ್ಣಿಗೆ ಬೀಳುವುದು ಪೋರ್ಟಲ್ಲಲ್ಲ, ಪೆಟ್ಟಿಗೆ.

ಕಡೆಗೊಂದು ಆಕ್ಷೇಪವಿದೆ, ಎಲ್ಲ ಕಡೆ ಕೇಳಿಬರುವಂಥದ್ದು: "ಕನ್ನಡದಲ್ಲಿ ಫೋನ್ ಬಳಸುವವರು ಎಷ್ಟು ಜನ ಸಾರ್? ಎಲ್ಲರೂ ಇಂಗ್ಲಿಷಲ್ಲೇ ಇಟ್ಕೊಂಡಿರ್ತಾರೆ." ನಿಜ, ನನ್ನ ಫೋನೂ ಇಂಗ್ಲಿಷಿನಲ್ಲೇ ಇದೆ. ಯಾಕೆ ಎಂದು ನನ್ನನ್ನೇ ಕೇಳಿಕೊಂಡೆ. ಕನ್ನಡದ ಮೇಲೆ ಮುನಿಸಿಲ್ಲ. ಅರ್ಧ ಮೆನು ಕನ್ನಡ, ಅರ್ಧ ಇಂಗ್ಲಿಷ್, ಅನುವಾದವಾದ ಕಡೆಯೂ ಇಂಗ್ಲಿಷಿಗೆ ತಿರುಗಿಸಿ ನೋಡಿದರೆ ಮಾತ್ರ ಅರ್ಥವಾಗುವ ಕನ್ನಡ. ಸುಸ್ತಾಗಿ ಬಿಟ್ಟೆ. ರಸ್ತೆಯನ್ನು ಗುಂಡಿ ಮಾಡಿಟ್ಟು, ಇಲ್ಲಿ ಯಾರೂ ಓಡಾಡುವುದಿಲ್ಲ, ಹಾಗಾಗಿ ಟಾರು ಬೇಡ ಎಂದರೆ ಹೇಗೋ ಇದೂ ಹಾಗೆ.

ಗಟ್ಟಿಯಾದ ಕೆಲಸ ಆಗಿಲ್ಲ ಎನ್ನುತ್ತಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಇವತ್ತಿಗೂ ನಮ್ಮ ಟೈಪಿಂಗಿನ ಬುನಾದಿ. ಫೋನಿನ ಪರದೆಯ ಮೇಲೆ ಬೆರಳಲ್ಲಿ ಕನ್ನಡ ಗೀಚಿದರೆ, ಬಾಯಲ್ಲಿ ಹೇಳಿದರೆ ಅಕ್ಷರವಾಗುತ್ತದೆ. ಇಷ್ಟೆಲ್ಲ ಬುನಾದಿ ಹಾಕಿಯಾದ ಮೇಲೂ ಬಾಗಿಲು ಮಾತ್ರ ತಲೆಗೆ ಬಡಿಯುತ್ತಿದೆ, ಯಾರೂ ಅಳತೆ ತೆಗೆದು ನೋಡಿಲ್ಲ ಎಂಬುದು ಸಿಟ್ಟಿಗೆ ಕಾರಣ.

ಆರು ತಿಂಗಳಾದ ಮೇಲೆ ಅಮ್ಮ ಫೋನನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟು ಇಂಗ್ಲಿಷಿಗೆ ಬದಲಿಸಿಕೊಂಡರು. ಈಗ ಅವರಿಂದ ನನಗೆ ಬರುವ ಸಂದೇಶ "ಊಟ ಆಯ್ತಾ" ಎಂಬುದು, ಇಂಗ್ಲಿಷ್ ಅಕ್ಷರದಲ್ಲಿ. 34 ವರ್ಷ ಮಕ್ಕಳ ಕೈಹಿಡಿದು ಕಾಗುಣಿತ ತಿದ್ದಿಸಿದವರು. ಕೇಳಿದರೆ, "ಅರ್ಧಂಬರ್ಧ ಕನ್ನಡ ನೋಡೋಕಿಂತ ಇದೇ ವಾಸಿ ಕಣೋ" ಎನ್ನುತ್ತಾರೆ. ಐದಕ್ಕೆ ನಾಲ್ಕೂವರೆ ಸ್ಟಾರಿನ ಫೋನು ಒಬ್ಬ ಕನ್ನಡ ಮೇಷ್ಟರಿಗೆ ಮಾಡಿದ್ದು ಇದು.

ಆದ್ದರಿಂದ ಕನ್ನಡದ ವಿಮರ್ಶಕರಲ್ಲಿ ನನ್ನದೊಂದೇ ಒತ್ತಾಯ. ಫೋನು ಕೈಗೆ ಬಂದ ದಿನ ಅದನ್ನು ಕನ್ನಡಕ್ಕೆ ಬದಲಿಸಿ, ಅಕ್ಷರವನ್ನು ಅತಿ ದೊಡ್ಡದು ಮಾಡಿ, ಒಂದು ವಾರ ಹಾಗೇ ಬಳಸಿ. ಆಮೇಲೆ ಸ್ಟಾರು ಕೊಡಿ. ಎಷ್ಟು ಜಾಹೀರಾತು ಬಂದವು, ಆರಿಸಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೂ ಬರೆಯಿರಿ.

ಓದುಗರಾದ ನಿಮಗೂ ಒಂದು ಕೆಲಸವಿದೆ. ಮುಂದಿನ ಸಲ ಅಂಗಡಿಗೆ ಹೋದಾಗ, ಹುಡುಗ ಪೌಚ್ ಹಾಕುವ ಮುಂಚೆ, ಕನ್ನಡ ಮಾಡಿ ತೋರಿಸು ಎನ್ನಿ. 'ರಾಷ್ಟ್ರ', 'ಸ್ತ್ರೀ', 'ರ‍್ಯಾಂಕು' ಎಂದು ಬರೆದು ನೋಡಿ, ಮೆನುಗಳನ್ನು ಒಮ್ಮೆ ತಿರುವಿಹಾಕಿ. ಒತ್ತು ಕತ್ತರಿಸಿದ್ದರೆ ಫೋನನ್ನು ಕೌಂಟರಿನ ಮೇಲಿಟ್ಟು, ಯಾಕೆ ಬೇಡ ಎಂಬುದನ್ನೂ ಹೇಳಿ ಬನ್ನಿ.