‘ಅನ್‌ಡೂ’ ಇತ್ತು, ಆದರೆ ಅದನ್ನು ಒತ್ತುವ ದಾರಿಯೇ ಮುಚ್ಚಿತ್ತು

2022ರ ಜುಲೈ 8, ಶುಕ್ರವಾರ. ಕೆನಡಾದ ದೊಡ್ಡ ಟೆಲಿಕಾಂ ಕಂಪನಿ ರೋಜರ್ಸ್‌ನ 1.2 ಕೋಟಿಗೂ ಹೆಚ್ಚು ಗ್ರಾಹಕರ ಮೊಬೈಲ್, ಇಂಟರ್ನೆಟ್ ಬೆಳ್ಳಂಬೆಳಗ್ಗೆಯೇ ಸತ್ತುಹೋಯಿತು. ಅಂಗಡಿಗಳಲ್ಲಿ ಡೆಬಿಟ್ ಕಾರ್ಡ್ ನಡೆಯಲಿಲ್ಲ. ಎಷ್ಟೋ ಜನರಿಗೆ ತುರ್ತು ಸಂಖ್ಯೆ 911 ಸಿಗಲಿಲ್ಲ. ಟೊರೊಂಟೊದಲ್ಲಿ ಅದೇ ಕಂಪನಿಯ ಹೆಸರು ಹೊತ್ತ ಕ್ರೀಡಾಂಗಣದಲ್ಲಿ ನಡೆಯಬೇಕಿದ್ದ ‘ದಿ ವೀಕೆಂಡ್’ ಸಂಗೀತ ಕಾರ್ಯಕ್ರಮವೂ ಮುಂದಕ್ಕೆ ಹೋಯಿತು.

ಇದು ಹ್ಯಾಕರ್‌ಗಳ ಕೆಲಸ ಆಗಿರಲಿಲ್ಲ. ನೆಟ್‌ವರ್ಕ್ ಅಪ್‌ಗ್ರೇಡ್ ಮಾಡುವಾಗ ಕೆಲವು ರೂಟರ್‌ಗಳಿಂದ ಒಂದು ಫಿಲ್ಟರ್ ತೆಗೆದುಹಾಕಿದ್ದರು. ಅದು ತಡೆದು ನಿಲ್ಲಿಸಿದ್ದ ಮಾರ್ಗ ಮಾಹಿತಿಯೆಲ್ಲ ಪ್ರವಾಹದಂತೆ ಕೋರ್ ರೂಟರ್‌ಗಳಿಗೆ ನುಗ್ಗಿ, ಅವು ಕುಸಿದು ಬಿದ್ದವು.

ಸರಿ, ತಪ್ಪಾಯಿತು. ಹಳೆಯದನ್ನೇ ವಾಪಸ್ ಹಾಕಿದ್ರೆ ಆಯ್ತಲ್ವಾ?

ಪೆಟ್ಟಿಗೆಯೊಳಗೇ ಇರುವ ಪರಿಹಾರ

ಆ ಸೌಲಭ್ಯ ಇವತ್ತಿನ ಡೇಟಾ ಸೆಂಟರ್ ಸ್ವಿಚ್, ರೂಟರ್‌ಗಳಲ್ಲಿ ಇದ್ದೇ ಇದೆ. ಸಿಸ್ಕೊದ ನೆಕ್ಸಸ್ ಸ್ವಿಚ್‌ಗಳಲ್ಲಿ ಬದಲಾವಣೆಗೆ ಮುಂಚೆ ಒಂದು ‘ಚೆಕ್‌ಪಾಯಿಂಟ್’ ಉಳಿಸಿಕೊಂಡರೆ, ಎಡವಟ್ಟಾದಾಗ ‘ರೋಲ್‌ಬ್ಯಾಕ್’ ಮಾಡಿ ಹಳೆಯ ಸ್ಥಿತಿಗೆ ಮರಳಬಹುದು. ಜುನಿಪರ್‌ ಸಾಧನಗಳಲ್ಲಿ ಇನ್ನೂ ಜಾಣ ಉಪಾಯವಿದೆ: ‘ಕಮಿಟ್ ಕನ್ಫರ್ಮ್ಡ್’. ಬದಲಾವಣೆ ಮಾಡಿದ ಮೇಲೆ 10 ನಿಮಿಷದೊಳಗೆ ಎಂಜಿನಿಯರ್ ಮತ್ತೊಮ್ಮೆ ‘ಸರಿಯಿದೆ’ ಎಂದು ಹೇಳಬೇಕು. ಹೇಳದಿದ್ದರೆ, ಅವರ ಸಂಪರ್ಕವೇ ಕಡಿದುಹೋಗಿದೆ ಎಂದುಕೊಂಡು ಸಾಧನ ತಾನಾಗಿಯೇ ಹಿಂದಿನ ಸ್ಥಿತಿಗೆ ಹೋಗುತ್ತದೆ.

ಆದರೆ ಇವೆಲ್ಲ ಒಂದೊಂದು ಪೆಟ್ಟಿಗೆಯ ಮಟ್ಟದ ರಕ್ಷಣೆ. ಒಂದು ರೂಟರ್‌ನ ತಪ್ಪು ಪಕ್ಕದ ಹತ್ತನ್ನು ಕೆಡವಿದರೆ, ಮೊದಲನೆಯದನ್ನು ಹಿಂದಕ್ಕೆ ತಂದಷ್ಟಕ್ಕೇ ಉಳಿದವು ಏಳುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಎಡವಿದ್ದು ಎಲ್ಲಿ ಅಂತ ಮೊದಲು ಗೊತ್ತಾಗಬೇಕು. ಗೊತ್ತಾಗಲು ಆ ಪೆಟ್ಟಿಗೆಯನ್ನು ತಲುಪಬೇಕು.

ರೋಜರ್ಸ್ ಸೋತದ್ದು ಇಲ್ಲೇ. ರೂಟರ್‌ಗಳನ್ನು ನಿರ್ವಹಿಸುವ ಜಾಲ, ಕುಸಿದುಬಿದ್ದ ಅದೇ ಮುಖ್ಯ ಜಾಲದ ಮೇಲೆ ನಿಂತಿತ್ತು. ಸಿಬ್ಬಂದಿಯ ಫೋನ್‌ಗಳೂ ರೋಜರ್ಸ್‌ನವೇ! ಒಬ್ಬರಿಗೊಬ್ಬರು ಮಾತಾಡಲು ಬೇರೆ ಕಂಪನಿಗಳ ಸಿಮ್ ಹಂಚಬೇಕಾಯಿತು. ಕಾರಣ ಪತ್ತೆಯಾಗಲು ಸುಮಾರು 14 ಗಂಟೆ ಹಿಡಿಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆ್ಯಪ್ ಸುಮಾರು ಆರು ಗಂಟೆ ಮಲಗಿದ್ದಾಗಲೂ ಇದೇ ಕಥೆ. ಒಂದು ತಪ್ಪು ಕಮಾಂಡ್ ಇಡೀ ಜಾಲವನ್ನು ಕಡಿದು, ದೂರದಿಂದ ಸರಿಪಡಿಸುವ ದಾರಿಯನ್ನೂ ಕಡಿಯಿತು. ಎಂಜಿನಿಯರ್‌ಗಳು ಖುದ್ದಾಗಿ ಡೇಟಾ ಸೆಂಟರ್‌ಗೆ ಹೋಗಬೇಕಾಯಿತು.

ತಪ್ಪು ಯಾರದು?

ಇಂಥ ಹೊತ್ತಲ್ಲಿ ಬೈಗುಳ ಬೀಳುವುದು ರಾತ್ರಿ ಪಾಳಿಯಲ್ಲಿ ಕಮಾಂಡ್ ಒತ್ತಿದವರಿಗೆ. ಬೆಂಗಳೂರಿನ ಐಟಿ ಹುಡುಗ ಹುಡುಗಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾವುದೋ ದೇಶದ ‘ಚೇಂಜ್ ವಿಂಡೋ’ಗಾಗಿ ನಿದ್ದೆಗೆಡುವವರು ಅವರೇ.

ಆದರೆ ಕೆನಡಾದ ನಿಯಂತ್ರಣ ಸಂಸ್ಥೆ ಸಿಆರ್‌ಟಿಸಿಗಾಗಿ ನಡೆದ ಸ್ವತಂತ್ರ ಪರಿಶೀಲನೆ ಬೇರೆಯೇ ಚಿತ್ರ ಕೊಟ್ಟಿತು. ಅಪ್‌ಗ್ರೇಡ್ ಏಳು ಹಂತಗಳದ್ದು. ಶುರುವಿನಲ್ಲಿ ಅದರ ಅಪಾಯದ ಮಟ್ಟ ‘ಹೆಚ್ಚು’ ಎಂದಿತ್ತು. ಮೊದಲ ಹಂತಗಳು ಸಲೀಸಾಗಿ ಮುಗಿದವು ಅಂತ ಕಂಪನಿಯ ಅಲ್ಗಾರಿದಮ್ ಅದನ್ನು ‘ಕಡಿಮೆ’ ಎಂದು ಇಳಿಸಿತು. ಜಾಲ ಕುಸಿದದ್ದು ಆರನೇ ಹಂತದಲ್ಲಿ. ಕೋರ್ ರೂಟರ್‌ಗಳಿಗೆ ಪ್ರವಾಹ ತಡೆಯುವ ಮಿತಿಯನ್ನೂ ಹಾಕಿರಲಿಲ್ಲ. ಇವು ಬೆರಳು ಜಾರಿ ಆದ ತಪ್ಪುಗಳಲ್ಲ, ಆಡಳಿತದ ತೀರ್ಮಾನಗಳು. ನಿರ್ವಹಣೆಗೆ ಪ್ರತ್ಯೇಕ ಜಾಲ ಇಡಲು ದುಡ್ಡು ಬೇಕು. ಎಲ್ಲ ಸರಿಯಿದ್ದಾಗ ಅದು ದಂಡದ ಖರ್ಚಿನಂತೆಯೇ ಕಾಣುತ್ತದೆ. ಹಾಗಾಗಿ ಇದನ್ನು ಮಾರುಕಟ್ಟೆಯ ಇಷ್ಟಕ್ಕೆ ಬಿಟ್ಟು ಕೂರುವಂತಿಲ್ಲ.

ನಮ್ಮಲ್ಲಿ?

ಕೆನಡಾದಲ್ಲಿ ಅದೇ ತಿಂಗಳು ಸಂಸದೀಯ ಸಮಿತಿ ಕಂಪನಿಯ ಮುಖ್ಯಸ್ಥರನ್ನು ಕರೆಸಿ ಕೇಳಿತು. ಪರಿಶೀಲನೆಯ ಸಾರಾಂಶ ಸಾರ್ವಜನಿಕವಾಯಿತು. ಬಂದದ್ದು ತಡವಾಗಿ, ಎರಡು ವರ್ಷದ ಮೇಲೆ. ಆದರೂ ಬಂತು.

ಇಲ್ಲಿ? 2025ರ ಮಾರ್ಚ್, ಏಪ್ರಿಲ್‌ನಲ್ಲಿ ಕೆಲವೇ ವಾರಗಳ ಅಂತರದಲ್ಲಿ ಯುಪಿಐ ಹಲವು ಬಾರಿ ಕೈಕೊಟ್ಟಿತು. ತರಕಾರಿ ಗಾಡಿಯ ಮುಂದೆ ನಿಂತವರಿಗೆ ಸಿಕ್ಕಿದ್ದು ‘ತಾಂತ್ರಿಕ ತೊಂದರೆ’ ಎಂಬ ಒಂದು ಸಾಲಿನ ಸಮಜಾಯಿಷಿ. ಸೈಬರ್ ಘಟನೆಗಳನ್ನು ಆರು ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು ಎಂಬ ನಿರ್ದೇಶನ 2022ರಲ್ಲೇ ಬಂದಿದೆ. ಆದರೆ ಆ ವರದಿ ಹೋಗುವುದು ಸರ್ಕಾರಕ್ಕೆ, ನಮಗಲ್ಲ. ಸಾಲದ್ದಕ್ಕೆ 2023ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸರ್ಟ್-ಇನ್ ಅನ್ನು ಆರ್‌ಟಿಐನಿಂದ ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿಗೆ ಸೇರಿಸಿತು. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪ ಬಿಟ್ಟರೆ ಬೇರೇನೂ ಕೇಳುವಂತಿಲ್ಲ.

ಪಡಿತರದ ಬೆರಳಚ್ಚಿನಿಂದ ಆಸ್ಪತ್ರೆ ಚೀಟಿಯವರೆಗೆ ಎಲ್ಲವನ್ನೂ ಜಾಲಕ್ಕೆ ಕಟ್ಟಿದ ಮೇಲೆ ಮೂರು ಪ್ರಶ್ನೆ ಕೇಳುವ ಹಕ್ಕು ನಮಗಿದೆ. ಜಾಲ ಬಿದ್ದರೆ ಅದನ್ನು ಎತ್ತಲು ಬೇರೆ ದಾರಿ ಇದೆಯಾ? ಆ ದಾರಿಯನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ? ಬಿದ್ದ ಮೇಲೆ ಪೂರ್ತಿ ವರದಿ ಜನರ ಕೈಗೆ ಬರುತ್ತದಾ?

ಸ್ವಿಚ್‌ಗೆ ಹಿಂದಿನ ಸ್ಥಿತಿ ನೆನಪಿರುತ್ತದೆ. ಎಲ್ಲಿ ತಪ್ಪಾಯಿತು ಎಂಬ ನೆನಪು ಸಾರ್ವಜನಿಕರಿಗೂ ಉಳಿಯಬೇಕು ಅಂದರೆ ಆ ವರದಿಗಳು ಹೊರಗೆ ಬರಲೇಬೇಕು.