ಟ್ಯಾಂಕ್ ಹೊಸದಾಗಲಿ, ಸೀಟು ಹಳೆಯದೇ ಉಳಿಯಲಿ

ಹಳೆಯ ಅಂಬಾಸಿಡರನ್ನೋ ಪದ್ಮಿನಿಯನ್ನೋ ಕೊಂಡವರು ಮೊದಲು ಹೋಗುವುದು ಪೇಂಟ್ ಮಾಡುವವರ ಬಳಿ, ಆಮೇಲೆ ಕುಶನ್ ಅಂಗಡಿಗೆ. ಸ್ಪ್ರಿಂಗ್ ಸೀಟು ಕಿತ್ತು ಫೋಮ್ ಹಾಕಿಸುತ್ತಾರೆ. ಬಾಗಿಲಿನ ಒಳಹೊದಿಕೆ ಹೋಗಿ ಮಿರುಗುವ ಹೊಸ ರೆಕ್ಸಿನ್ ಬರುತ್ತದೆ. ಪೆಟ್ರೋಲ್ ಟ್ಯಾಂಕ್ ಮಾತ್ರ ಕಾರ್ಖಾನೆಯಲ್ಲಿ ಕೂರಿಸಿದ ಜಾಗದಲ್ಲೇ ತುಕ್ಕು ಹಿಡಿಯುತ್ತಿರುತ್ತದೆ. ಆಗಬೇಕಾದ್ದು ಇದಕ್ಕೆ ತದ್ವಿರುದ್ಧ. ಕಣ್ಣಿಗೆ ಬೀಳದ ಟ್ಯಾಂಕನ್ನು ಮುಲಾಜಿಲ್ಲದೆ ಬದಲಿಸಬೇಕು. ದಿನವೂ ಕಾಣುವ ಒಳಾಂಗಣವನ್ನು ಆದಷ್ಟೂ ದುರಸ್ತಿ ಮಾಡಿ ಉಳಿಸಿಕೊಳ್ಳಬೇಕು.

ಟ್ಯಾಂಕಿನ ಮಾತಿನಲ್ಲಿ ಭಾವುಕತೆಗೆ ಜಾಗವಿಲ್ಲ. ಆ ಕಾಲದ ಟ್ಯಾಂಕ್ ಉಕ್ಕಿನ ತಗಡಿನದು. ಗಾಡಿ ಮಳೆಗಾಲವಿಡೀ ನಿಂತರೆ, ಅರ್ಧ ಖಾಲಿಯಿರುವ ಟ್ಯಾಂಕಿನ ಒಳಗೋಡೆಯ ಮೇಲೆ ರಾತ್ರಿಯ ತಂಪಿಗೆ ನೀರಹನಿ ಕಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳಕ್ಕಿಳಿದು ಅಲ್ಲೇ ನಿಲ್ಲುತ್ತದೆ. ತುಕ್ಕು ಒಳಗಿನಿಂದ ತಿನ್ನುತ್ತಾ ಬಂದು, ಹೊರಗೆ ಸೂಜಿಮೊನೆಯಷ್ಟು ತೂತು ಕಾಣುವ ಹೊತ್ತಿಗೆ ತಳದ ತಗಡು ಪೂರ್ತಿ ಸವೆದಿರುತ್ತದೆ. ಅದಕ್ಕೆ ಬಟ್ಟೆ ಸೋಪು ಮೆತ್ತಿ ಓಡಿಸುವ ರೂಢಿ ನಮ್ಮಲ್ಲಿದೆ. ಗ್ಯಾರೇಜು ತಲುಪುವಷ್ಟು ದೂರಕ್ಕೆ ಸರಿ, ಅದೇ ದುರಸ್ತಿ ಅಂದುಕೊಂಡರೆ ಬೆಂಕಿಗೆ ಆಹ್ವಾನ ಕೊಟ್ಟಂತೆ.

ವೆಲ್ಡಿಂಗ್ ಇನ್ನೂ ದೊಡ್ಡ ಅಪಾಯ. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕೇ ಭಯಂಕರ, ಏಕೆಂದರೆ ಸಿಡಿಯುವುದು ಒಳಗೆ ಗಾಳಿಯೊಂದಿಗೆ ಬೆರೆತ ಪೆಟ್ರೋಲಿನ ಆವಿ. ಹಬೆ ಹಾಯಿಸಿ ಚೆನ್ನಾಗಿ ತೊಳೆಯದೆ ಬೆಂಕಿ ತಾಗಿಸುವ ಕೆಲಸಗಾರ ತನ್ನ ಜೀವವನ್ನೇ ಒತ್ತೆಯಿಡುತ್ತಾನೆ. ಒಳ್ಳೆಯ ತಗಡು ಕೆಲಸದವರಿಂದ ಅದೇ ಅಳತೆಯ ಹೊಸ ಟ್ಯಾಂಕ್ ಮಾಡಿಸುವುದೇ ಲೇಸು. ಒಳಗಿನ ಅಡ್ಡತಗಡು, ಗಾಳಿ ಕೊಳವೆ, ಪೆಟ್ರೋಲ್ ಹಾಕುವ ಕೊರಳಿನ ಓರೆ, ಎಲ್ಲವೂ ಮೂಲದಂತೆಯೇ ಇರಬೇಕು. ಹೊಸ ಪೇಂಟಿನಿಂದ ಅರ್ಥಿಂಗ್ ತಪ್ಪಿ ಗೇಜು ಸುಳ್ಳು ಹೇಳುವುದುಂಟು. ಜೋಡಿಸುವಾಗಲೇ ಅದನ್ನು ನೋಡಿಕೊಳ್ಳಬೇಕು.

ಒಳಾಂಗಣದ ನ್ಯಾಯವೇ ಬೇರೆ. ಅಂಬಾಸಿಡರ್ ತಯಾರಿಕೆ ಬಂಗಾಳದ ಉತ್ತರಪಾರಾದಲ್ಲಿ 2014ರಲ್ಲಿ ನಿಂತಿತು. ಮುಂಬೈಯ ಕುರ್ಲಾದಲ್ಲಿ ಹುಟ್ಟುತ್ತಿದ್ದ ಪದ್ಮಿನಿಯ ಕಥೆ ಅದಕ್ಕೂ ಮೊದಲೇ ಮುಗಿದಿತ್ತು. ಆ ಕಾಲದ ರೆಕ್ಸಿನ್, ಆ ಹೊಲಿಗೆ, ಚಾವಣಿಯ ಕೆಳಗೆ ತಂತಿ ಬಿಲ್ಲುಗಳ ಮೇಲೆ ಎಳೆದು ಕಟ್ಟಿದ ಆ ಬಟ್ಟೆ ಒಮ್ಮೆ ಗುಜರಿಗೆ ಹೋದರೆ ಮುಗಿಯಿತು. ಹೊಲಿಗೆ ಬಿಟ್ಟಿದ್ದರೆ ಹಳೆಯ ಸೂಜಿತೂತುಗಳಲ್ಲೇ ದಾರ ಹಾಯಿಸಿ ಹೊಲಿಯಬಹುದು. ಬಾಗಿಲಿನ ಹಾರ್ಡ್‌ಬೋರ್ಡ್ ಉಬ್ಬಿದ್ದರೆ ಅದನ್ನೇ ಅಚ್ಚಾಗಿಟ್ಟು ಹೊಸ ಬೋರ್ಡ್ ಕತ್ತರಿಸಿ, ಹಳೆಯ ಹೊದಿಕೆಯನ್ನು ನಿಧಾನವಾಗಿ ಬಿಡಿಸಿ ಮತ್ತೆ ಅಂಟಿಸಬಹುದು. ಆದರೆ ಬೋರ್ಡ್ ಉಬ್ಬಿದ್ದೇಕೆ ಎಂದು ಮೊದಲು ಕೇಳಬೇಕು. ಗಾಜಿನ ಸಂದಿಯಿಂದ ಇಳಿದ ಮಳೆನೀರು ಬಾಗಿಲಿನ ತಳದ ತೂತುಗಳಿಂದ ಹೊರಹೋಗಬೇಕು. ಅಲ್ಲಿ ಮಣ್ಣು ಕಟ್ಟಿದ್ದರೆ ಎಷ್ಟು ಚೆಂದದ ರೆಕ್ಸಿನ್ ಹಾಕಿಸಿದರೂ ಮುಂದಿನ ಮಳೆಗಾಲ ಅದನ್ನು ತಿಂದುಹಾಕುತ್ತದೆ.

ಐವತ್ತು ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿ ಕೊಡುವ 2021ರ ಕೇಂದ್ರ ನಿಯಮ ಚಾಸಿ, ಬಾಡಿ, ಎಂಜಿನ್‌ಗಳು ಮೂಲರೂಪದಲ್ಲಿರಬೇಕು ಎನ್ನುತ್ತದೆ. ಸೀಟಿನ ಬಟ್ಟೆಯ ಕಾಳಜಿ ಮಾಲೀಕರದೇ. ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯಲ್ಲಿರುವ ‘ಪಯಣ’ ಕಾರು ಸಂಗ್ರಹಾಲಯಕ್ಕೆ ಹೋದವರು ಬಾನೆಟ್ಟಿನ ಹೊಳಪು ನೋಡಿ ಮುಂದೆ ಸಾಗದೆ, ಕಿಟಕಿಯಿಂದ ಒಳಗೂ ಇಣುಕಬೇಕು. ಜನ ಕೂತು ಓಡಾಡಿದ ಕಾಲ ಇರುವುದು ಅಲ್ಲಿ.

ಮಾಲೀಕರ ಕೈಯಲ್ಲಿಲ್ಲದ ಸಂಗತಿಯೂ ಒಂದಿದೆ. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಕೆಡಿಸುತ್ತದೆ, ಟ್ಯಾಂಕಿನ ತಳದ ಜಡ್ಡು ಕಿತ್ತು ಕಾರ್ಬುರೇಟರಿಗೆ ಒಯ್ಯುತ್ತದೆ. ಎಥನಾಲ್ ಬೆರೆಸುವುದರಿಂದ ಕಬ್ಬು ಬೆಳೆಗಾರರಿಗೆ ಲಾಭವಾಗಿದ್ದರೆ ಸಂತೋಷವೇ. ಆದರೆ ಕಡಿಮೆ ಎಥನಾಲಿನ ಪೆಟ್ರೋಲನ್ನೂ ಉಳಿಸಿಕೊಂಡರೆ ಆ ಲಾಭಕ್ಕೆ ಕುಂದಿಲ್ಲ, ಹಳೆಯ ಕಾರುಗಳು ಕುಡಿಯುವ ಪೆಟ್ರೋಲ್ ಅಷ್ಟು ಕಡಿಮೆ. ಬ್ರಿಟನ್ 2021ರಲ್ಲಿ ಶೇ 10ರ ಮಿಶ್ರಣಕ್ಕೆ ಹೋದಾಗ, ಶೇ 5ರ ಮಿಶ್ರಣವನ್ನು ‘ಸೂಪರ್’ ದರ್ಜೆಯಲ್ಲಿ ಉಳಿಸಿಕೊಂಡಿತು. ನಮ್ಮಲ್ಲಿ ಎಥನಾಲ್‌ರಹಿತ ಪೆಟ್ರೋಲಿನ ಆಯ್ಕೆ ಕೇಳಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. ಹಾಗಾಗಿ ಚೆಂಡು ಸರ್ಕಾರದ ಅಂಗಳದಲ್ಲಿದೆ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಲ್ಲಿ ಒಂದೊಂದು ಬಂಕಿನಲ್ಲಾದರೂ, ಬೆಲೆ ಹೆಚ್ಚಾದರೂ ಚಿಂತೆಯಿಲ್ಲ, ಎಥನಾಲ್ ಪ್ರಮಾಣವನ್ನು ಬೋರ್ಡಿನಲ್ಲಿ ಬರೆದು ಕಡಿಮೆ ಎಥನಾಲಿನ ಪೆಟ್ರೋಲ್ ಮಾರಬೇಕು. ಅದು ಸಿಗುವವರೆಗೆ ಮಾಲೀಕರು ಟ್ಯಾಂಕಿನ ಜೊತೆಗೇ ರಬ್ಬರ್ ಪೈಪನ್ನೂ ಪಂಪಿನ ಡಯಾಫ್ರಾಮನ್ನೂ ಬದಲಿಸಿಕೊಳ್ಳಲಿ. ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕ್ ಬರಿದು ಮಾಡಿಸಿ, ಒಣಗಿಸಿಯೇ ನಿಲ್ಲಿಸಲಿ.