ಸಭೆಯಲ್ಲಿ ಹಾಡಿದ ಹಾಡು, ಮನೆಯಲ್ಲಿ ಕೇಳುವಾಗ

ಸಂಗೀತದಲ್ಲಿ ಅಭಿರುಚಿಯುಳ್ಳ ಸಂಸಾರಗಳಲ್ಲಿ ಒಂದು ವಿಚಿತ್ರವಾದ ಪಕ್ಷಪಾತವನ್ನು ನಾವು ಕಂಡಿರುವೆವು. ಒಬ್ಬರೇ ವಿದ್ವಾಂಸರು ಒಂದೇ ರಾಗವನ್ನು ಎರಡು ಸಲ ಹಾಡಿರುವ ಧ್ವನಿಮುದ್ರಿಕೆಗಳು ಮನೆಯಲ್ಲಿರುತ್ತವೆ. ಒಂದು, ಬಾಗಿಲು ಮುಚ್ಚಿದ ಸ್ಟುಡಿಯೋದಲ್ಲಿ ತಯಾರಾದ ನಿರ್ಮಲವಾದ ಮುದ್ರಿಕೆ. ಇನ್ನೊಂದು, ಯಾವುದೋ ರಾಮನವಮಿಯ ಚಪ್ಪರದಲ್ಲಿ ಹಿಡಿದುದು. ಅದರಲ್ಲಿ ಯಾರೋ ಕೆಮ್ಮುತ್ತಾರೆ, ಮಗುವೊಂದು ಅಳುತ್ತದೆ, ನಡುವೆ ತಂಬೂರಿಯ ಶ್ರುತಿಯನ್ನು ಸರಿಪಡಿಸುವ ಸದ್ದೂ ಕೇಳಿಬರುತ್ತದೆ. ಆದರೂ ಮನೆಯ ಹಿರಿಯರ ಕೈ ಹೋಗುವುದು ಎರಡನೆಯದರ ಕಡೆಗೇ. ಇದು ಹಳೆಯದರ ಮೇಲಿನ ಮೋಹವೋ, ಅಥವಾ ವಿಚಾರಕ್ಕೆ ನಿಲ್ಲತಕ್ಕ ಕಾರಣವೇನಾದರೂ ಇದರಲ್ಲುಂಟೋ ಎಂಬುದನ್ನು ಈ ತಿಂಗಳು ವಾಚಕರೊಡನೆ ಪರ್ಯಾಲೋಚಿಸಬೇಕೆಂದಿದ್ದೇವೆ.

ಸಭೆಯ ಮುಂದೆ ಹಾಡಿದುದನ್ನು ಹಾಗೆಯೇ ಹಿಡಿದಿಟ್ಟ ಮುದ್ರಿಕೆಗೆ ಇಂದಿನ ತರುಣರು ಲೈವ್ ಆಲ್ಬಂ ಎನ್ನುತ್ತಾರೆ. ನಾವು ಇಲ್ಲಿ ಸಭಾಮುದ್ರಿಕೆಯೆಂದು ಕರೆಯುವೆವು. ಈ ವಿಚಾರವು ಈಗ ಬರಿಯ ಕಾಲಕ್ಷೇಪದ ಮಾತಾಗಿ ಉಳಿದಿಲ್ಲ. ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವಾಗ ಕೆಮ್ಮು, ಚಪ್ಪಾಳೆ, ಸಭಿಕರ ಉದ್ಗಾರ ಇವೆಲ್ಲವನ್ನೂ ಒರೆಸಿಹಾಕುವ ಉಪಾಯಗಳು ಈಗ ಯಾರಿಗೂ ಸುಲಭವಾಗಿ ದೊರೆಯುತ್ತಿವೆ. ಒರೆಸಿದ ಮೇಲೆ ಮೂಲವನ್ನು ಬಿಸಾಡುವವರೂ ಉಂಟು. ಆದಕಾರಣ ಏನನ್ನು ಉಳಿಸಬೇಕು, ಏನನ್ನು ಬಿಡಬಹುದು ಎಂಬ ತೀರ್ಮಾನವು ಸಾಮಾನ್ಯ ಗೃಹಸ್ಥನ ಪಾಲಿಗೂ ಬಂದಿದೆ.

ಮೊದಲ ಗ್ರಾಮಫೋನ್ ಪ್ಲೇಟುಗಳ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. 1902ನೆಯ ನವೆಂಬರಿನಲ್ಲಿ ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿ ಕಲ್ಕತ್ತೆಯಲ್ಲಿ ದೊಡ್ಡ ಕೊಂಬಿನಂತಹ ಕೊಳವೆಯೊಂದರ ಮುಂದೆ ಹಾಡಿದಳು. ಮುಂದೆ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡವಳೂ ಆಕೆಯೇ. ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ ವಿದ್ಯುತ್ತು ಬಂದುದು ಅದೇ 1902ರಲ್ಲಿ. ಆದರೆ ಹಾಡನ್ನು ಹಿಡಿಯುವ ಕೆಲಸಕ್ಕೆ ವಿದ್ಯುತ್ತಿನ ಮೈಕು ಬರಲು 1925ರವರೆಗೆ ಕಾಯಬೇಕಾಯಿತು. ಪ್ಲೇಟಿನ ಒಂದು ಮಗ್ಗುಲಿಗೆ ಸಲ್ಲುತ್ತಿದ್ದುದು ಸುಮಾರು ಮೂರು ನಿಮಿಷ. ಒಂದು ಗಂಟೆ ವಿಸ್ತರಿಸತಕ್ಕ ರಾಗವನ್ನು ಮೂರು ನಿಮಿಷಕ್ಕೆ ಅಡಗಿಸುವುದೆಂದರೆ ಕೊಡದ ನೀರನ್ನು ಉದ್ಧರಣೆಯಲ್ಲಿ ಹಿಡಿದಂತೆ. ಗಂಗೂಬಾಯಿ ಹಾನಗಲ್ಲರ ಮೊದಲ ಪ್ಲೇಟುಗಳೂ ಇಂತಹವೇ. ಅವುಗಳ ಮೇಲೆ ಅಚ್ಚಾಗಿದ್ದ ಹೆಸರು ಗಾಂಧಾರಿ ಹುಬಳೀಕರ ಎಂದು. ಅವು ಅಮೂಲ್ಯವಾದುವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅವು ಕಚೇರಿಗಳಲ್ಲ, ಕಚೇರಿಯ ಮಾದರಿಗಳು. 1948ರಲ್ಲಿ ಅಮೆರಿಕದಲ್ಲಿ ದೀರ್ಘಕಾಲ ನುಡಿಯುವ ಪ್ಲೇಟು ಹೊರಬಂದು, ಟೇಪಿನ ಯಂತ್ರವೂ ಬಳಕೆಗೆ ಬಂದ ಮೇಲೆಯೇ ಒಂದು ಸಂಜೆಯ ಹಾಡಿಕೆಯನ್ನು ಇಡಿಯಾಗಿ ಮನೆಗೆ ತರುವುದು ಸಾಧ್ಯವಾಯಿತು.

ಈ ಸೌಕರ್ಯವನ್ನು ಅತಿ ಸಾಹಸದಿಂದ ಪರೀಕ್ಷಿಸಿದವರಲ್ಲಿ ಇಂಗ್ಲೆಂಡಿನ ಪ್ರೋಗ್ರೆಸಿವ್ ರಾಕ್ ಎಂಬ ಪಂಥದವರು ಸೇರಿದ್ದಾರೆ. ಹೆಸರು ಕೇಳಿದೊಡನೆ ಹಿರಿಯರು ಹುಬ್ಬುಗಂಟಿಕ್ಕಬೇಕಾದುದಿಲ್ಲ. ರಾಕ್ ವಾದ್ಯಗಳನ್ನು ಹಿಡಿದು, ಇಪ್ಪತ್ತು ನಿಮಿಷಗಳವರೆಗೂ ಬೆಳೆಯುವ ರಚನೆಗಳನ್ನು ಮಾಡಿ, ಕ್ಲಿಷ್ಟವಾದ ತಾಳಗಳಲ್ಲಿ ನುಡಿಸಿದ ತರುಣರ ಮಾರ್ಗವದು. ನಮ್ಮ ಬೆಂಗಳೂರಿನಲ್ಲೇ 2003ರಲ್ಲಿ ಹುಟ್ಟಿದ ಅಗಂ ಎಂಬ ತಂಡವು ಕರ್ಣಾಟಕ ಸಂಗೀತವನ್ನು ಇದರೊಡನೆ ಬೆಸೆದು ಹೆಸರು ಪಡೆದಿದೆ. ಆ ಪಂಥದವರ ರಚನೆಗಳು ಬಹುಮಟ್ಟಿಗೆ ಸ್ಟುಡಿಯೋದಲ್ಲಿ ತುಂಡುತುಂಡಾಗಿ ನುಡಿಸಿ, ಟೇಪನ್ನು ಕತ್ತರಿಸಿ ಜೋಡಿಸಿ ಆದಂತಹವು. ಹಾಗಿರಲು, ಇದನ್ನು ಐದು ಮಂದಿ ವೇದಿಕೆಯ ಮೇಲೆ ನಿಂತು ಒಂದೇ ಉಸಿರಿನಲ್ಲಿ ನುಡಿಸಬಲ್ಲರೆ ಎಂಬ ಸಂಶಯವು ಕೇಳುವವರಿಗೆ ಬಾರದಿರುತ್ತದೆಯೆ? ಆ ಸಂಶಯಕ್ಕೆ ಉತ್ತರವಾಗಿ ಬಂದುವೇ ಅವರ ಸಭಾಮುದ್ರಿಕೆಗಳು. ಆದ್ದರಿಂದ ಸಭಾಮುದ್ರಿಕೆಯ ಗುಣವನ್ನು ಒರೆಗೆ ಹಚ್ಚಿ ನೋಡಲು ಇದು ಒಳ್ಳೆಯ ಕಲ್ಲು.

ಮೊದಲನೆಯ ಗುಣವೆಂದರೆ, ಹಾಡು ಅಲ್ಲಿ ಬೆಳೆದಿರಬೇಕು. ಸ್ಟುಡಿಯೋದಲ್ಲಿ ಆದುದನ್ನೇ ಗಿಣಿಯಂತೆ ಒಪ್ಪಿಸುವುದಾದರೆ ಎರಡನೆಯ ಮುದ್ರಿಕೆ ಏಕೆ? ಯೆಸ್ ಎಂಬ ತಂಡವು 1973ರಲ್ಲಿ ಯೆಸ್‌ಸಾಂಗ್ಸ್ ಎಂಬ ಮೂರು ಪ್ಲೇಟುಗಳ ಸಭಾಮುದ್ರಿಕೆಯನ್ನು ಹೊರತಂದಿತು. ಅದಕ್ಕೆ ಮುಂಚೆ, 1972ರಲ್ಲಿ, ಅವರ ತಾಳವಾದ್ಯಗಾರ ಬಿಲ್ ಬ್ರೂಫರ್ಡನು ತಂಡವನ್ನು ಬಿಟ್ಟಿದ್ದನು. ಅವನ ಸ್ಥಾನಕ್ಕೆ ಬಂದ ಅಲನ್ ವೈಟನು ಕೆಲವೇ ದಿನಗಳಲ್ಲಿ ಆ ದೊಡ್ಡ ರಚನೆಗಳನ್ನೆಲ್ಲ ಕಲಿತು ವೇದಿಕೆಯೇರಬೇಕಾಯಿತು. ಮುದ್ರಣದ ನಾದವು ಮಬ್ಬಾಗಿದೆಯೆಂದು ದೂರುವವರು ಇಂದಿಗೂ ಇದ್ದಾರೆ. ಆದರೂ ರಸಿಕರು ಅದನ್ನು ಕೈಬಿಟ್ಟಿಲ್ಲ. ಏಕೆಂದರೆ ಜೋಡಿಸಿ ಮಾಡಿದ ವಸ್ತುವು ಅಲ್ಲಿ ಮೊದಲ ಬಾರಿಗೆ ತಾನಾಗಿ ಓಡುತ್ತದೆ. ಮನೋಧರ್ಮವೆಂದು ನಮ್ಮವರು ಕರೆಯುವ ಗುಣಕ್ಕೆ ಇದು ದೂರದ ನೆಂಟನು. ಹತ್ತಿರದ ನೆಂಟನನ್ನು ಕಾಣಬೇಕಾದರೆ ಶಕ್ತಿ ಎಂಬ ತಂಡದ ಮೊದಲ ಮುದ್ರಿಕೆಯನ್ನು ಕೇಳಬೇಕು. ಇಂಗ್ಲೆಂಡಿನ ಜಾನ್ ಮೆಕ್‌ಲಾಗ್ಲಿನ್, ಪಿಟೀಲಿನ ಎಲ್. ಶಂಕರ್, ತಬಲದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಂ, ಮೃದಂಗದ ಆರ್. ರಾಘವನ್ ಇವರು 1975ನೆಯ ಜುಲೈನಲ್ಲಿ ಅಮೆರಿಕದ ಕಾಲೇಜೊಂದರ ಸಭೆಯಲ್ಲಿ ನುಡಿಸಿದುದೇ ಮರುವರ್ಷ ಅವರ ಮೊದಲ ಪ್ಲೇಟಾಯಿತು. ತಮ್ಮ ಪರಿಚಯವನ್ನು ಲೋಕಕ್ಕೆ ಸ್ಟುಡಿಯೋದ ಮೂಲಕವಲ್ಲ, ಸಭೆಯ ಮೂಲಕ ಮಾಡಿಕೊಟ್ಟವರು ಅವರು.

ಎರಡನೆಯ ಗುಣ, ವಾದ್ಯಗಾರರು ಒಬ್ಬರನ್ನೊಬ್ಬರು ಕೇಳುತ್ತಿರುವುದು ನಮಗೂ ಕೇಳಿಸಬೇಕು. ಮೇಲೆ ಹೇಳಿದ ಬ್ರೂಫರ್ಡನು ಯೆಸ್ ತಂಡವನ್ನು ಬಿಟ್ಟು ಕಿಂಗ್ ಕ್ರಿಮ್ಸನ್ ಎಂಬ ತಂಡವನ್ನು ಸೇರಿದನು. ಅವರು 1973ನೆಯ ನವೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಭಾಭವನದಲ್ಲಿ ನುಡಿಸುತ್ತಿದ್ದಾಗ ಮೂವರು ಮೆಲ್ಲಗೆ ಒಂದು ಆಶುರಚನೆಯನ್ನು ಆರಂಭಿಸಿದರು. ಬ್ರೂಫರ್ಡನು ಕೋಲುಗಳನ್ನು ಎದೆಯ ಮೇಲೆ ಅಡ್ಡವಾಗಿ ಹಿಡಿದು ಕೊನೆಯವರೆಗೂ ಒಂದು ಪೆಟ್ಟನ್ನೂ ಹಾಕದೆ ಕುಳಿತನು. ಪ್ಲೇಟು ಹೊರಬಂದಾಗ ಆ ರಚನೆಯ ಕರ್ತೃಗಳಲ್ಲಿ ಅವನ ಹೆಸರನ್ನೂ ಸೇರಿಸಿದ್ದರು! ಸುಮ್ಮನಿದ್ದುದೂ ಒಂದು ನುಡಿಸಾಣಿಕೆಯೆಂದು ಅವರು ಎಣಿಸಿದರು. ಗಾಯಕರು ಸಾಹಿತ್ಯದ ಒಂದು ಸಾಲನ್ನು ಮೆಲುವಾಗಿ ಎತ್ತಿಕೊಂಡಾಗ ಕೈತಡೆದು ಕುಳಿತಿರುವ ಮೃದಂಗ ವಿದ್ವಾಂಸರನ್ನು ಕಂಡವರಿಗೆ ಈ ಮಾತು ಹೊಸದಲ್ಲ. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಮುದ್ರಿಸಿ ಸೇರಿಸಿದ ಹಾಡಿನಲ್ಲಿ ಇಂತಹ ಮೌನಕ್ಕೆ ಎಡೆಯಿರುವುದು ಅಪರೂಪ.

ಮೂರನೆಯದು ಸಭಿಕರ ಇರವು. ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಮೇಲಿನ ಮುದ್ರಿಕೆಯನ್ನು 1974ರಲ್ಲಿ ಹೊರತರುವಾಗ ಚಪ್ಪಾಳೆಯನ್ನೆಲ್ಲ ಕತ್ತರಿಸಿಹಾಕಿದ್ದರು. ಪಿಂಕ್ ಫ್ಲಾಯ್ಡ್ ತಂಡವಂತೂ 1971ರಲ್ಲಿ ಇಟಲಿಯ ಪಾಂಪೆಯ ಪಾಳುಬಿದ್ದ ಬಯಲು ರಂಗಸ್ಥಳದಲ್ಲಿ ಸಭಿಕರೊಬ್ಬರೂ ಇಲ್ಲದೆ ನುಡಿಸಿ ಚಲನಚಿತ್ರ ಮಾಡಿಸಿತು; ಅದೂ ಕೀರ್ತಿಯನ್ನು ಪಡೆಯಿತು. ಹಾಗಾದರೆ ಸಭಿಕರ ಸದ್ದು ಅನಾವಶ್ಯಕವೆಂದಾಯಿತಲ್ಲ ಎಂದು ವಾಚಕರು ಕೇಳಬಹುದು. ನಮ್ಮ ಉತ್ತರವಿಷ್ಟೆ: ಪಾಂಪೆಯಲ್ಲಿ ಸಭಿಕರ ಸ್ಥಾನವನ್ನು ಆ ಕಲ್ಲಿನ ಬಯಲೇ ತುಂಬಿತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಕತ್ತರಿಸಿದುದು ಕೊನೆಯ ಚಪ್ಪಾಳೆಯನ್ನು. ಉಸಿರು ಬಿಗಿಹಿಡಿದು ಕೇಳುತ್ತಿದ್ದ ಸಭೆಯಿಂದ ವಾದ್ಯಗಾರರಿಗೆ ಒದಗಿದ ಎಚ್ಚರವನ್ನು ಕತ್ತರಿಸಲಾಗಲಿಲ್ಲ. ನಮ್ಮ ಕಚೇರಿಯಲ್ಲಾದರೋ ಸಭಿಕರ ಪಾತ್ರ ಇನ್ನೂ ದೊಡ್ಡದು. ತೊಡೆಯ ಮೇಲೆ ತಾಳ ಹಾಕುವವರು, ಒಳ್ಳೆಯ ಸಂಗತಿಗೆ ಭಲೆ ಎನ್ನುವವರು ಗಾಯಕನಿಗೆ ದಾರಿ ತೋರಿಸುವ ದೀಪಗಳಂತೆ. ಒಂದು ಭಲೆಗೆ ಮತ್ತೊಂದು ಸಂಗತಿ ಹುಟ್ಟುವುದುಂಟು. ಆ ಭಲೆಯನ್ನು ಒರೆಸಿದರೆ ಮುಂದಿನ ಸಂಗತಿಯು ಏಕೆ ಬಂತೆಂಬುದೇ ತಿಳಿಯದು. ತಿರುಮಕೂಡಲಿನ ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿಗಳನ್ನು ಹೂಡಿದುದಾದರೂ ಏತಕ್ಕೆ? ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಕೊನೆಯ ಸಾಲಿನಲ್ಲಿ ಕುಳಿತವನಿಗೂ ನಾದವು ಮುಟ್ಟಲೆಂದು. ವಾದ್ಯದ ಆಕಾರವನ್ನೇ ಬದಲಾಯಿಸಿದ ಸಭಿಕನನ್ನು ಸದ್ದೆಂದು ಹೇಗೆ ತಳ್ಳಿಹಾಕುವುದು? 1939ರಿಂದ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಲಿಯವರು ನಡೆಸುತ್ತಿರುವ ರಾಮನವಮಿಯ ಕಚೇರಿಗಳನ್ನು ಚಪ್ಪರದಡಿ ಕುಳಿತು ಕೇಳಿದವರು ಇದನ್ನು ಒಪ್ಪುವರೆಂದು ನಂಬಿದ್ದೇವೆ.

ನಾಲ್ಕನೆಯ ಗುಣ ಪ್ರಾಮಾಣಿಕತೆ. ಕಿಂಗ್ ಕ್ರಿಮ್ಸನ್ ತಂಡವೇ 1975ರಲ್ಲಿ ಯು.ಎಸ್.ಎ. ಎಂಬ ಸಭಾಮುದ್ರಿಕೆಯನ್ನು ಹೊರತಂದಿತು. ಅದರ ಕೆಲವು ಭಾಗಗಳಲ್ಲಿ ಎಡ್ಡಿ ಜಾಬ್ಸನ್ ಎಂಬಾತನು, ಆ ಸಭೆಯಲ್ಲಿ ಇಲ್ಲದಿದ್ದವನು, ಆಮೇಲೆ ಸ್ಟುಡಿಯೋದಲ್ಲಿ ಪಿಟೀಲು ನುಡಿಸಿ ಸೇರಿಸಿದನು. ಆದರೆ ಅವನ ಹೆಸರನ್ನು ಮರೆಮಾಚಲಿಲ್ಲ. ಸೋರುವ ಮನೆಗೆ ಹೆಂಚು ಹೊದಿಸುವುದು ತಪ್ಪಲ್ಲ. ಹೊದಿಸಿದ ಹೆಂಚನ್ನು ಅಜ್ಜನ ಕಾಲದ್ದೆಂದು ಹೇಳುವುದು ತಪ್ಪು. ತಿದ್ದಿದ್ದರೆ ತಿದ್ದಿದೆಯೆಂದು ಹೇಳಿಬಿಟ್ಟರೆ ಕೇಳುವವನಿಗೆ ಮೋಸವಾಗುವುದಿಲ್ಲ.

ಇಷ್ಟೆಲ್ಲ ದೂರದೇಶದ ಮಾತಾಯಿತು. ಆದರೆ ಈ ವಿಚಾರವು ಅತ್ಯಂತ ಹತ್ತಿರವಾಗಿ ಮುಟ್ಟುವುದು ನಮ್ಮ ಕೋಲಾರ ಸೀಮೆಯ ಹಳ್ಳಿಗಳನ್ನು. ಬಂಗಾರಪೇಟೆಯ ಸಮೀಪದ ಬೂದಿಕೋಟೆಯನ್ನು ಹೈದರಾಲಿಯ ಜನ್ಮಸ್ಥಳವೆಂದು ಎಲ್ಲರೂ ಬಲ್ಲರು. ಈ ಶತಮಾನದ ಮೊದಲ ವರ್ಷಗಳಲ್ಲಿ ಆ ಊರಿಗೆ ಇನ್ನೊಂದು ಕೀರ್ತಿಯೂ ಬಂದಿತು. ಮೈರಾಡ ಮತ್ತು ವಾಯ್ಸಸ್ ಎಂಬ ಸಂಸ್ಥೆಗಳು ಯುನೆಸ್ಕೋದ ನೆರವಿನಿಂದ ಊರಿನವರೊಡನೆ ಕೂಡಿ ಅಲ್ಲಿ ನಮ್ಮ ಧ್ವನಿ ಎಂಬ ಸಮುದಾಯ ಬಾನುಲಿಯನ್ನು ಆರಂಭಿಸಿದುವು. ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲೇ ಹೇಳಿದ್ದರೂ, ಇಂತಹ ಹಳ್ಳಿಯ ಕೇಂದ್ರಗಳಿಗೆ ಅಪ್ಪಣೆ ಸಿಕ್ಕುವ ನಿಯಮವು ಬಂದುದು 2006ರಲ್ಲಿ. ಅಲ್ಲಿಯವರೆಗೆ ಬೂದಿಕೋಟೆಯವರು ಸುಮ್ಮನೆ ಕೂಡಲಿಲ್ಲ. ಕೇಬಲ್ ತಂತಿಯ ಮೂಲಕ ತಮ್ಮ ದನಿಯನ್ನು ಮನೆಮನೆಗೆ ಹರಿಸಿದರು. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆಕಾಶವಾಣಿಯನ್ನು ಸ್ಥಾಪಿಸಿದುದನ್ನು ಬಲ್ಲ ವಾಚಕರಿಗೆ ಇದು ಅದೇ ಧೈರ್ಯದ ಇನ್ನೊಂದು ಕುಡಿಯೆಂದು ತೋರದಿರದು.

ಇಂತಹ ಊರಿನವರು ಯಂತ್ರವನ್ನು ಕೈಯಲ್ಲಿ ಹಿಡಿದು ನೆರೆಮನೆಯ ಜಗಲಿಗೆ ಹೋಗಿ ಹಾಡನ್ನು ಹಿಡಿದಾಗ ಆಗುವುದು ನಿಜವಾದ ಸಭಾಮುದ್ರಿಕೆಯೇ. ನಾಟಿಯ ಹಾಡಿಗೆ ಕೆಸರಿನ ಸದ್ದು ಬೇಕು, ಬೀಸುವ ಪದಕ್ಕೆ ಕಲ್ಲಿನ ಸದ್ದು ಬೇಕು. ತಮಟೆಯನ್ನು ನೋಡಿರಿ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ದೊರೆತುದು ಈ ವಾದ್ಯಕ್ಕಾಗಿಯೇ. ಅದರ ಚರ್ಮವನ್ನು ಬೆಂಕಿಯ ಝಳಕ್ಕೆ ಹಿಡಿದು ಬಿಗಿಮಾಡಿಕೊಂಡು, ಬಯಲಿನಲ್ಲಿ, ಕುಣಿಯುವ ಕಾಲುಗಳ ನಡುವೆ ಬಾರಿಸುತ್ತಾರೆ. ಮೆತ್ತೆ ಹೊದಿಸಿದ ಗೋಡೆಗಳ ಕೋಣೆಯಲ್ಲಿ ಬಾರಿಸಿದರೆ ಪೆಟ್ಟು ಕೇಳೀತು, ತಮಟೆ ಕೇಳದು. ಮುದುಕಿಯೊಬ್ಬಳು ಸೋಬಾನೆ ಹೇಳುವಾಗ ನಡುವೆ ಸೊಸೆ ಮರೆತ ಸಾಲನ್ನು ಎತ್ತಿಕೊಟ್ಟರೆ ಅದನ್ನು ದೋಷವೆಂದು ಕತ್ತರಿಸುವವರುಂಟು. ನಾವೆನ್ನುವುದೇನೆಂದರೆ, ಆ ಹಾಡು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿದ ಕ್ಷಣವೇ ಅದು. ಅದನ್ನು ಕತ್ತರಿಸಿದವನು ಹಾಡನ್ನು ಉಳಿಸಿ ಹಾಡಿನ ಬಾಳನ್ನು ಬಿಸುಟಂತಾಯಿತು.

ಇನ್ನು ಗೃಹಸ್ಥರು ಮಾಡತಕ್ಕದ್ದೇನು? ಕ್ಯಾಸೆಟ್ಟು 1963ರಲ್ಲಿ ಹುಟ್ಟಿತು. ಮದುವೆಯ ಕಚೇರಿ, ಗಣೇಶೋತ್ಸವದ ಹರಿಕಥೆ, ಅಜ್ಜಿಯ ಹಾಡು ಇವನ್ನು ಅದರಲ್ಲಿ ಹಿಡಿದಿಟ್ಟ ಮನೆಗಳು ನಮ್ಮಲ್ಲಿ ಅಸಂಖ್ಯಾತ. ಅವು ಈಗ ಪೆಟ್ಟಿಗೆಗಳಲ್ಲಿ ಬೂಷ್ಟು ಹಿಡಿಯುತ್ತಿವೆ. ತೇವ, ಸೆಕೆ, ಕಾಂತ ಈ ಮೂರೂ ಟೇಪಿಗೆ ಶತ್ರುಗಳು. ಆದುದರಿಂದ ಅವುಗಳನ್ನು ಒಣಗಿದ ಕಪಾಟಿನಲ್ಲಿ, ಧ್ವನಿವರ್ಧಕಗಳಿಂದ ದೂರವಾಗಿ, ನಿಲ್ಲಿಸಿಡತಕ್ಕದ್ದು. ಬೂಷ್ಟು ಕಂಡ ಟೇಪನ್ನು ಆತುರದಿಂದ ಯಂತ್ರಕ್ಕೆ ಹಾಕದೆ ಬಲ್ಲವರಿಗೆ ತೋರಿಸಬೇಕು. ಕಂಪ್ಯೂಟರಿಗೆ ಇಳಿಸುವಾಗ ಮೊದಲು ಒಂದಕ್ಷರವನ್ನೂ ತಿದ್ದದೆ ಇಡಿಯಾಗಿ ಇಳಿಸಿ, ಆ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು. ಕೇಳಲು ಹಿತವಾಗಲೆಂದು ಶುದ್ಧಿ ಮಾಡುವುದಾದರೆ ಅದನ್ನು ಎರಡನೆಯ ಪ್ರತಿಯಲ್ಲಿ ಮಾಡಬಹುದು. ಯಂತ್ರದ ಗುಂಯ್ ಎಂಬ ಸದ್ದನ್ನು ತಗ್ಗಿಸಿದರೆ ನಷ್ಟವಿಲ್ಲ, ಜನರ ಸದ್ದನ್ನು ಮುಟ್ಟಬಾರದು. ಊರು, ದಿನ, ಹಾಡಿದವರು, ಪಕ್ಕವಾದ್ಯದವರು, ಶ್ರುತಿ ಹಿಡಿದವರು ಇವರ ಹೆಸರುಗಳನ್ನು ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಕೇಳಿ ಬರೆದಿಡಬೇಕು. ಹಾಡಿದವರ ಅಪ್ಪಣೆಯಿಲ್ಲದೆ ಊರಿಗೆಲ್ಲ ಹಂಚುವುದೂ ಸಲ್ಲದು.

ಬರುವ ರಜೆಯಲ್ಲಿ ಮಕ್ಕಳು ಮನೆಗೆ ಬಂದಾಗ ಒಂದು ಮಧ್ಯಾಹ್ನವನ್ನು ಈ ಕೆಲಸಕ್ಕೆ ಮೀಸಲಿಡಬೇಕೆಂದು ನಮ್ಮ ವಾಚಕರಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ. ಯಂತ್ರ ನಡೆಸುವುದನ್ನು ಮಕ್ಕಳು ಬಲ್ಲರು, ಹಿನ್ನೆಲೆಯಲ್ಲಿ ಭಲೆ ಎಂದವರಾರೆಂಬುದನ್ನು ಹಿರಿಯರು ಬಲ್ಲರು. ಇಬ್ಬರೂ ಕೂಡಿ ಕುಳಿತರೇ ಕೆಲಸವು ಪೂರ್ತಿಯಾಗುವುದು.